ಏನೂ ಇಲ್ಲಮ್ಮ, ವಯಸ್ಸಾಯ್ತಲ್ಲ!



ಇವತ್ತು ಅಕ್ಟೋಬರ್ 12. ವಿಶ್ವ ಸಂಧಿವಾತ ದಿನ ಅಂತ ಒಂದಿದೆ, ಅದು ಇವತ್ತೇ. ಬೆಳಗ್ಗೆಯಿಂದ ನಮ್ಮ ಚಾನೆಲ್ಲಿನಲ್ಲಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲೂ ಇದರ ಬಗ್ಗೆ ಒಂದು ಸಾಲು ಬಂದಿಲ್ಲ. ಬೇರೆ ಚಾನೆಲ್‌ಗಳಲ್ಲೂ ಬಂದಿರಲಿಕ್ಕಿಲ್ಲ. ಕಾರಣ ಸರಳ. ಕೀಲು ನೋವಿನಿಂದ ಯಾರೂ ರಾತ್ರೋರಾತ್ರಿ ಸಾಯಲ್ಲ. ಸಾಯದೇ ಇದ್ದರೆ ಅದು ಬ್ರೇಕಿಂಗ್ ನ್ಯೂಸ್ ಅಲ್ಲ. ಶವ ಇಲ್ಲ, ಆಂಬುಲೆನ್ಸ್ ಸದ್ದಿಲ್ಲ, ಆಸ್ಪತ್ರೆ ಮುಂದೆ ಗಲಾಟೆ ಇಲ್ಲ. ಒಬ್ಬ ಹೆಂಗಸು ಬೆಳಗ್ಗೆ ಎದ್ದು ಚೊಂಬು ಎತ್ತೋಕೆ ಆಗದೆ ಕೂತಿದ್ದಾಳೆ ಅಂದ್ರೆ ಅದಕ್ಕೆ ಯಾವ ಕ್ಯಾಮೆರಾ ಹೋಗುತ್ತೆ?

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು ಅನ್ನೋದನ್ನ ನಾಳೆ ನೋಡೋಣ, ಅವರೆಲ್ಲ ನಾಳೆಯೂ ಹಾರ್ತಾರೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಎರಡು ಪದದ ಬಗ್ಗೆ. ‘ಏನೂ ಇಲ್ಲ.’

ನಿಮ್ಮಲ್ಲಿ ಎಷ್ಟು ಜನ ಈ ಮಾತು ಕೇಳಿಲ್ಲ ಹೇಳಿ. ನೋವು ಅಂತ ಡಾಕ್ಟರ ಹತ್ತಿರ ಹೋಗ್ತೀರಿ. ಎರಡು ಗಂಟೆ ಕಾದು ಒಳಗೆ ಹೋದರೆ ಎರಡು ನಿಮಿಷ. ‘ಏನೂ ಇಲ್ಲಮ್ಮ, ವಯಸ್ಸಾಯ್ತಲ್ಲ.’ ವಯಸ್ಸು ಆಗಿರದಿದ್ದರೆ ‘ತೂಕ ಇಳಿಸಿ’. ತೂಕವೂ ಇಲ್ಲದಿದ್ದರೆ ‘ಟೆನ್ಶನ್ ಮಾಡ್ಕೋಬೇಡಿ’. ಅದೂ ಅಲ್ಲ ಅಂದ್ರೆ ‘ರಿಪೋರ್ಟ್ ನಾರ್ಮಲ್ ಇದೆ, ನಿಮಗ್ಯಾಕೆ ನೋವು?’ ಅಂತ ನಮ್ಮನ್ನೇ ಕೇಳ್ತಾರೆ! ಏನೋ ನಾವೇ ಸುಳ್ಳು ಹೇಳಿಕೊಂಡು ಬಂದ ಹಾಗೆ.

ಈ ‘ಏನೂ ಇಲ್ಲ’ ಅನ್ನೋ ಮಾತಿನ ಬೆಲೆ ಎಲ್ಲಾ ಊರಲ್ಲೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಅದರ ಬೆಲೆ ಇನ್ನೊಬ್ಬ ಡಾಕ್ಟರ ಫೀಸು. ಮಾದನಹಿಪ್ಪರಗಾದಲ್ಲಿ ಅದರ ಬೆಲೆ ಕೈಬೆರಳು. ಇದನ್ನ ಸುಮ್ಮನೆ ಮಾತಿಗೆ ಹೇಳ್ತಾ ಇಲ್ಲ.

ಮಾದನಹಿಪ್ಪರಗಾ ನನ್ನ ತಾಯಿಯ ತವರು. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಹಳ್ಳಿ. ಇನ್ನು ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಜೋಳ, ತೊಗರಿ, ಕಡಲೆ ಬೆಳೆಯೋ ನೆಲ. ಅಲ್ಲಿ ಕಾಯಿಲೆ ದೊಡ್ಡದಾದರೆ ಎರಡೇ ದಾರಿ. ಒಂದು ಆಳಂದ ದಾಟಿ ಕಲಬುರಗಿ, ಇನ್ನೊಂದು ಗಡಿ ದಾಟಿ ಸೊಲ್ಲಾಪುರ. ಯಾವುದಕ್ಕೆ ಹೋದರೂ ಒಂದು ದಿನದ ಕೂಲಿ ಹೋಯ್ತು, ಜೊತೆಗೆ ಬಂದವರ ಕೂಲಿಯೂ ಹೋಯ್ತು. ಬಸ್ ಚಾರ್ಜು ಈಗ ನಮ್ಮ ಹೆಣ್ಣುಮಕ್ಕಳಿಗೆ ಕರ್ನಾಟಕದ ಒಳಗೆ ಉಚಿತ, ಒಪ್ಪೋಣ. ಆದರೆ ಉಚಿತ ಬಸ್ಸಿನಲ್ಲೂ ಮೆಟ್ಟಿಲು ಹತ್ತಬೇಕಲ್ಲ.

ಅಲ್ಲಿ ನನ್ನ ಚಿಗವ್ವ ಇದ್ದಾಳೆ. ತಾಯಿಯ ತಂಗಿ. 2008ರಲ್ಲಿ ಅವಳಿಗೆ 38 ವರ್ಷ. ಆ ವರ್ಷ ತೊಗರಿ ರಾಶಿ ಮುಗಿದ ಮೇಲೆ ಕೈ ನೋವು ಶುರುವಾಯ್ತು. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಅಂಗಾಲು. ಡಾಕ್ಟರ ಮುಂದೆ ಅವಳು ಹೇಳಿದ ಮಾತು ಇದು: ‘ಮುಂಜಾನಿ ರೊಟ್ಟಿ ಬಡೀಲಕ್ಕ ಕೈ ಬರಲ್ರೀ ಸಾಹೇಬ್ರ. ಮುಷ್ಟಿ ಹಿಡೀಲಕ್ಕ ಬರಲ್ಲ. ಬಿಸಲು ಏರಿದ ಮ್ಯಾಲ ಸಡಲ ಆಗ್ತಾವ.’

ಈ ಮೂರು ವಾಕ್ಯವನ್ನ ಇನ್ನೊಂದು ಸಲ ಓದ್ತೀನಿ, ಕೇಳಿ. ಮುಂಜಾನೆ ಮುಷ್ಟಿ ಹಿಡಿಯೋಕೆ ಆಗಲ್ಲ. ಬಿಸಿಲು ಏರಿದ ಮೇಲೆ ಸಡಿಲ ಆಗುತ್ತೆ. ಇದು ಗೋಳಲ್ಲ. ಇದು ರೋಗದ ಪತ್ತೆ. ವೈದ್ಯಕೀಯ ಪುಸ್ತಕದಲ್ಲಿ ರುಮಟಾಯ್ಡ್ ಆರ್ಥರೈಟಿಸ್ ಅನ್ನೋ ಕಾಯಿಲೆಯ ಬಗ್ಗೆ ಬರೆದಿರೋದೂ ಇದನ್ನೇ. ಎದ್ದ ಮೇಲೆ ತುಂಬಾ ಹೊತ್ತು, ಹಲವರಿಗೆ ಒಂದು ಗಂಟೆಗೂ ಮೇಲೆ, ಕೀಲು ಬಿಗಿಯಾಗಿರುತ್ತೆ. ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು. ಸಾಮಾನ್ಯವಾಗಿ ಎರಡೂ ಕಡೆ. ಗಂಡಸರಿಗಿಂತ ಹೆಂಗಸರಿಗೆ ಎರಡು-ಮೂರು ಪಟ್ಟು ಹೆಚ್ಚು. ಮೂವತ್ತು, ನಲವತ್ತರಲ್ಲೇ ಶುರುವಾಗಬಹುದು. ಅಂದ್ರೆ ಅಕ್ಷರ ಕಲಿಯದ ನನ್ನ ಚಿಗವ್ವ ಪುಸ್ತಕದಲ್ಲಿ ಇರೋದನ್ನೇ ಡಾಕ್ಟರಿಗೆ ಬಾಯಿಪಾಠ ಒಪ್ಪಿಸಿದ್ದಾಳೆ. ಎಷ್ಟು ಹೊತ್ತು ಅಂತ ನಿಮಿಷದಲ್ಲಿ ಹೇಳಲಿಲ್ಲ, ಬಿಸಿಲಿನಲ್ಲಿ ಹೇಳಿದಳು, ಅಷ್ಟೇ.

ಕೇಳಿಸಿಕೊಂಡವರು ಯಾರು?

ಮೊದಲನೆಯವರು ‘ವಾಯು, ಕೆಲಸ ಕಡಿಮೆ ಮಾಡವ್ವಾ’ ಅಂದರು. ಕೂಲಿ ಮಾಡೋ ಹೆಂಗಸಿಗೆ! ಎರಡನೆಯವರು ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅಂದರು. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗೇ ಇರುತ್ತೆ ಸ್ವಾಮಿ. ಎಲುಬು ಸವೆದ ಮೇಲೆ ತಾನೇ ಎಕ್ಸ್‌ರೇಯಲ್ಲಿ ಕಾಣೋದು? ಮೂರನೆಯವರು ಚಿಕೂನ್‌ಗುನ್ಯದ ಉಳಿಕೆ, ತಾನಾಗೇ ಹೋಗುತ್ತೆ ಅಂದರು. ನಾಲ್ಕನೆಯವರು ರಕ್ತ ಪರೀಕ್ಷೆ ಮಾಡಿಸಿದರು, ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿತ್ತು, ‘ಬ್ಯಾಳಿ ತಿನ್ನಬ್ಯಾಡ’ ಅಂದರು. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಕೂತ ಹೆಂಗಸಿಗೆ ಬ್ಯಾಳಿ ಬಿಡು ಅಂತ! ಮುಟ್ಟು ನಿಲ್ಲದ ಹೆಂಗಸರಲ್ಲಿ ಯೂರಿಕ್ ಆಸಿಡ್‌ನಿಂದ ಬರೋ ಗೌಟ್ ಅಪರೂಪ. ಅದು ಅವರಿಗೆ ಗೊತ್ತಿರಲಿಲ್ಲವೋ, ಯೋಚನೆ ಮಾಡೋ ಪುರಸೊತ್ತು ಇರಲಿಲ್ಲವೋ. ಚಿಗವ್ವ ಎರಡು ವರ್ಷ ಬ್ಯಾಳಿ ಬಿಟ್ಟಳು. ನೋವು ಬಿಡಲಿಲ್ಲ.

ನಾಲ್ಕು ಜನ ಡಾಕ್ಟರಲ್ಲಿ ಒಬ್ಬರೂ ಅವಳ ಕೈ ಮುಟ್ಟಿ ನೋಡಿರಲಿಲ್ಲ. ಬೆರಳಿನ ಬುಡದ ಗೆಣ್ಣುಗಳನ್ನ ಕೈ ಕುಲುಕುವ ಹಾಗೆ ಹಿಡಿದು ಮೆಲ್ಲಗೆ ಒತ್ತಿದರೆ ಸಾಕು, ಅಲ್ಲೇ ನೋವಾದರೆ ಮುಂದೆ ನೋಡಬೇಕು ಅಂತ ಅರ್ಥ. ಅದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ. ಹತ್ತು ಸೆಕೆಂಡು ಬೇಕು. 2014ರಲ್ಲಿ ಗಡಿ ಆಚೆ ಒಬ್ಬ ಫಿಸಿಷಿಯನ್ ಆ ಹತ್ತು ಸೆಕೆಂಡು ಕೊಟ್ಟರು. ಅಷ್ಟೊತ್ತಿಗೆ ಆರು ವರ್ಷ ಆಗಿತ್ತು. ಚಿಗವ್ವನ ಬೆರಳುಗಳು ಕಿರುಬೆರಳಿನ ಕಡೆ ವಾಲಿಬಿಟ್ಟಿದ್ದವು. ಅವು ಔಷಧಿಯಿಂದ ಮತ್ತೆ ನೆಟ್ಟಗಾಗಲ್ಲ.

ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳೇ ಚಿನ್ನ. ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧಿ ಶುರು ಮಾಡಿದರೆ ಕೀಲು ಉಳಿಸಿಕೊಳ್ಳೋ ಅವಕಾಶ ಬಹಳ ಹೆಚ್ಚು. ತಡ ಮಾಡಿದಷ್ಟೂ ಒಳಗೆ ಎಲುಬು ತಿಂದುಕೊಂಡು ಹೋಗುತ್ತೆ. ಹಲವರಿಗೆ ಮೊದಲ ಎರಡು ವರ್ಷದಲ್ಲೇ ಆ ಹಾನಿ ಶುರುವಾಗಿರುತ್ತೆ. ಹಾಗಾಗಿ ‘ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಅನ್ನೋದು ಬರೀ ಒರಟು ಮಾತು ಅಲ್ಲ. ಅದು ಚಿಕಿತ್ಸೆಯ ಕಾಲವನ್ನೇ ಕಿತ್ತುಕೊಳ್ಳೋ ಮಾತು.

ಈಗ ಒಂದು ಸ್ವಂತ ವಿಷಯ. ಹೇಳದೆ ಇದ್ದರೆ ಇಷ್ಟೊತ್ತು ಹೇಳಿದ್ದು ಅರ್ಧ ಆಗುತ್ತೆ. ಇದೇ ಕಾಯಿಲೆ ನನಗೂ ಇದೆ. ಮೇಜಿನ ಮೇಲೆ ಕೈ ಇಟ್ಟುಕೊಂಡು ನಿಮಗೆ ಸುದ್ದಿ ಓದ್ತೀನಲ್ಲ, ಆ ಕೈಗೇ. ನನ್ನ ಉಂಗುರವನ್ನ ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಬೇಕಾಯ್ತು, ಅಷ್ಟು ಬಾವು. ಬೆಂಗಳೂರಿನಲ್ಲಿ ನಾನು ನೋಡಿದ ಮೊದಲ ಡಾಕ್ಟರು ‘ಟಿವಿ ಕೆಲಸ, ಸ್ಟ್ರೆಸ್ಸು. ರಜೆ ಹಾಕಿ ಮಡಿಕೇರಿಗೆ ಹೋಗಿ ಬನ್ನಿ’ ಅಂದರು. ಮಡಿಕೇರಿ ಚೆನ್ನಾಗಿದೆ, ಬೇಡ ಅನ್ನಲ್ಲ. ಎರಡನೆಯವರು ಆರ್‌ಎ ಫ್ಯಾಕ್ಟರ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. ‘ನೋಡಿ, ನಿಮಗೆ ಆರ್ಥರೈಟಿಸ್ ಇಲ್ಲ’ ಅಂತ ಫೈಲು ಮುಚ್ಚಿದರು. ಈ ಕಾಯಿಲೆ ಇರೋ ನೂರು ಜನರಲ್ಲಿ ಇಪ್ಪತ್ತು, ಮೂವತ್ತು ಜನರಿಗೆ ಆ ಪರೀಕ್ಷೆ ನೆಗೆಟಿವ್ ಬರುತ್ತೆ. ನೆಗೆಟಿವ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಪಾಸಿಟಿವ್ ಬಂದವರಿಗೆಲ್ಲ ಕಾಯಿಲೆ ಇದೆ ಅಂತಲೂ ಅಲ್ಲ. ‘ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹೀಗಿತ್ತಾ?’ ಅನ್ನೋ ಪ್ರಶ್ನೆಯನ್ನ ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನು ಚಿಗವ್ವನ ಬೆರಳಿನ ಬಗ್ಗೆ ಹೇಳ್ತಿದ್ದೆ.

ಮೂರನೆಯವರು ಒಬ್ಬ ರುಮಟಾಲಜಿಸ್ಟ್. ಕೀಲಿನ ಇಂಥ ಕಾಯಿಲೆಗಳಿಗೇ ಓದಿದವರು. ನನಗೆ ಒಟ್ಟು ಐದು ತಿಂಗಳು ಹಿಡೀತು. ಸಂಬಳ ಇತ್ತು, ಕಾರಿತ್ತು, ಇಂಗ್ಲಿಷಿನಲ್ಲಿ ಜಗಳ ಆಡೋ ಬಾಯಿತ್ತು. ಮುಖ್ಯವಾಗಿ, ಮೂರನೇ ಡಾಕ್ಟರ ಮನೆ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಒಂದೇ ರಕ್ತ, ಒಂದೇ ಕಾಯಿಲೆ, ಒಂದೇ ‘ಏನೂ ಇಲ್ಲ’. ನನಗೆ ಐದು ತಿಂಗಳು, ಅವಳಿಗೆ ಆರು ವರ್ಷ. ನನ್ನ ಬೆರಳು ಇವತ್ತೂ ನೆಟ್ಟಗಿವೆ.

ಚಿಗವ್ವನ ಮೂರನೇ ಡಾಕ್ಟರು ಚಿಕೂನ್‌ಗುನ್ಯದ ಉಳಿಕೆ ಅಂದರಲ್ಲ, ಅದಕ್ಕೂ ಒಂದು ಹಿನ್ನೆಲೆ ಇದೆ. ನಮ್ಮ ಭಾಗದವರು ಅದನ್ನ ಮರೆತಿಲ್ಲ. 2005ರ ಕೊನೆಯಲ್ಲಿ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಈ ಜ್ವರ ಶುರುವಾಯ್ತು. ನಮ್ಮಲ್ಲಿ ಮೊದಲು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಆಗಿನ ಗುಲಬರ್ಗಾ ಒಂದು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ. ಅದರಲ್ಲಿ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷ. ಅರ್ಧಕ್ಕಿಂತ ಹೆಚ್ಚು ನಾವೇ! ಹೆಸರು ಕೇಳಿ ‘ಚಿಕನ್’ನಿಂದ ಬರೋದು ಅಂತ ಕೋಳಿ ತಿನ್ನೋದು ಬಿಟ್ಟವರು ಎಷ್ಟು ಜನ. ಅದು ಆಫ್ರಿಕಾದ ಮಾಕೊಂಡೆ ಭಾಷೆಯ ಪದ, ಮೈ ಬಗ್ಗಿಸಿಬಿಡುವಂಥದ್ದು ಅಂತ ಅರ್ಥ. 1952-53ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಕಾಣಿಸಿಕೊಂಡಾಗ ಬಂದ ಹೆಸರು. ನಮಗೇನು ದೂರದ್ದಲ್ಲ. 1973ರಲ್ಲೇ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ದೊಡ್ಡದಾಗಿ ಬಂದು ಹೋಗಿತ್ತು. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಸುಮ್ಮನಿದ್ದು ಮತ್ತೆ ಬಂತು. ಹಗಲು ಕಚ್ಚೋ ಈಡಿಸ್ ಸೊಳ್ಳೆ ಹರಡೋದು. ಅದು ಮೊಟ್ಟೆ ಇಡೋದು ತುಂಬಿಟ್ಟ ನೀರಿನಲ್ಲಿ. ನಲ್ಲಿಯಲ್ಲಿ ದಿನಾ ನೀರು ಬರದ ಊರಲ್ಲಿ ಡ್ರಮ್ಮು, ಹಂಡೆ ತುಂಬಿ ಇಡದೆ ಇನ್ನೇನು ಮಾಡ್ತಾರೆ?

ಆಗ ಸರ್ಕಾರ ಹೇಳ್ತಾ ಇದ್ದಿದ್ದು ಒಂದೇ ಮಾತು. ಇದರಿಂದ ಸಾವಿಲ್ಲ, ಗಾಬರಿ ಬೇಡ. ನಾವೂ ಅದನ್ನೇ ಓದಿದ್ವಿ. ಜ್ವರ ನಾಲ್ಕು ದಿನದಲ್ಲಿ ಇಳೀತು. ಕೀಲು ನೋವು ಹಲವರಿಗೆ ತಿಂಗಳುಗಟ್ಟಲೆ ಉಳೀತು, ಕೆಲವರಿಗೆ ವರ್ಷಗಟ್ಟಲೆ. ಜ್ವರ ಬಂದವರನ್ನ ಎಣಿಸಿದ್ರು. ಆರು ತಿಂಗಳಾದ ಮೇಲೂ ಗೋಡೆ ಹಿಡಿದು ನಡೀತಿರೋರು ಎಷ್ಟು ಜನ ಅಂತ ಮನೆ ಬಾಗಿಲಿಗೆ ಹೋಗಿ ಕೇಳಬೇಕಿತ್ತು. ಕೇಳಿಸಿಕೊಳ್ಳೋ ಬದಲು ಅದೊಂದು ನೆಪ ಆಯ್ತು. ಮುಂದಿನ ಎಷ್ಟೋ ವರ್ಷ ಯಾರು ಕೀಲು ನೋವು ಅಂತ ಬಂದರೂ ‘ಚಿಕೂನ್‌ಗುನ್ಯ ಆಗಿತ್ತಾ? ಹಾಂ, ಅದೇ’. ಮುಗೀತು. ಚಿಗವ್ವನಿಗೆ ಅದು ಬಂದಿದ್ದು ನಿಜ. ಅದು ಬಂದವರಿಗೆ ರುಮಟಾಯ್ಡ್ ಬರಬಾರದು ಅಂತ ಕಾನೂನಿದೆಯಾ?

ಕೀಲು ನೋವು ಅಂದ್ರೆ ನಾಲ್ಕು ಜನ ಮುದುಕಿಯರ ಸಮಸ್ಯೆ ಅಂದುಕೊಂಡವರಿಗೆ ಒಂದು ಲೆಕ್ಕ ಕೊಡ್ತೀನಿ. ಪುಣೆಯಿಂದ ಸೊಲ್ಲಾಪುರಕ್ಕೆ ಬರುವಾಗ ದಾರಿಯಲ್ಲಿ ಭಿಗವಣ ಅಂತ ಊರು ಸಿಗುತ್ತೆ. 1996ರಲ್ಲಿ ಪುಣೆಯ ಡಾಕ್ಟರ್ ಅರವಿಂದ ಚೋಪ್ರಾ ಅವರ ತಂಡ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಕಾರ್ಯಕ್ರಮದಡಿ ಆ ಊರಲ್ಲಿ ಮನೆಮನೆಗೆ ಹೋಗಿ ಕೇಳ್ತು. ನೂರು ವಯಸ್ಕರಲ್ಲಿ ಹೆಚ್ಚುಕಡಿಮೆ 18 ಜನರಿಗೆ ಕೀಲು, ಸ್ನಾಯು ನೋವಿನ ತೊಂದರೆ. ರುಮಟಾಯ್ಡ್ ಸುಮಾರು ಇನ್ನೂರಕ್ಕೆ ಒಬ್ಬರಿಗೆ. ನಮ್ಮ ಜೋಳದ ಹೊಲದಂಥದ್ದೇ ಹೊಲ, ನಮ್ಮಂಥದ್ದೇ ದುಡಿಯೋ ಜನ. ಇನ್ನೂರಕ್ಕೆ ಒಬ್ಬರು ಅಂದ್ರೆ ಐದು ಸಾವಿರ ವಯಸ್ಕರಿರೋ ಊರಿನಲ್ಲಿ ಇಪ್ಪತ್ತೈದು ಜನ. ಆ ಇಪ್ಪತ್ತೈದು ಜನ ಈಗ ಎಲ್ಲಿದ್ದಾರೆ?

ಎಲ್ಲಿದ್ದಾರೆ ಅಂತ ನಾನೇ ಹೇಳ್ತೀನಿ. ಪುಡಿಕೆ ಡಾಕ್ಟರ ಹತ್ತಿರ. ಒಂದು ಬಿಳಿ ಗುಳಿಗಿ, ಒಂದು ಕೆಂಪು ಗುಳಿಗಿ, ಒಂದು ಹಳದಿ, ಕಾಗದದಲ್ಲಿ ಮಡಚಿ ಕೊಡ್ತಾನೆ. ಇಲ್ಲಾ ಒಂದು ಸೂಜಿ ಚುಚ್ತಾನೆ. ಸಂಜೆಗೆ ನೋವು ಮಾಯ! ಇಲ್ಲಾ ಯಾರೋ ಜಾತ್ರೆಯಲ್ಲಿ ಕೊಡೋ ‘ಶುದ್ಧ ನಾಟಿ’ ಪುಡಿ. ಅದರೊಳಗೆ ಬಹಳ ಸಲ ಇರೋದು ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಇಂಥವು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನೋ ವೈದ್ಯರು ಹಾಸಿಗೆ ಹಿಡಿದ ಸಂಧಿವಾತದ ಮಹಿಳೆಗೆ ಮೊದಲ ಸಲ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಇದನ್ನ ಬಹಳ ಕಾಲ ಕೊಟ್ಟರೆ ಮುಖ ಊದುತ್ತೆ, ಎಲುಬು ಟೊಳ್ಳಾಗುತ್ತೆ, ಸಕ್ಕರೆ ಏರುತ್ತೆ ಅಂತ ಬೇಗನೇ ಗೊತ್ತಾಯ್ತು. ಬಹಳ ದಿನ ತಗೊಂಡವರು ಒಮ್ಮೆಲೇ ಬಿಟ್ಟರೂ ಪ್ರಾಣಕ್ಕೆ ಅಪಾಯ. ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ, ತಿಳಿದ ಡಾಕ್ಟರ ಕೈಯಲ್ಲಿ ಅದೂ ಔಷಧಿಯೇ. ಹೆಸರಿಲ್ಲದ ಪುಡಿಕೆಯಲ್ಲಿ ಅದು ವಿಷ.

ಓದಿದ ಡಾಕ್ಟರುಗಳು ಪುಡಿಕೆಯವನನ್ನ ಬೈತಾರೆ. ಬೈಯಲೇಬೇಕು. ಆದರೆ ಅವನ ಅಂಗಡಿಗೆ ಗಿರಾಕಿ ಕಳಿಸಿದ್ದು ಯಾರು? ನೀವು ‘ಏನೂ ಇಲ್ಲ’ ಅಂದಿರಿ. ಅವನು ‘ಅಯ್ಯೋ, ಭಾಳ ತ್ರಾಸ ಆಗ್ಯಾದಲ್ಲವ್ವಾ, ಕೂಡು’ ಅಂದ. ನೀವು ಸ್ಟೂಲ್ ತೋರಿಸಲಿಲ್ಲ, ಅವನು ನೀರು ಕೊಟ್ಟ. ಚಿಗವ್ವನೂ ಎರಡು ವರ್ಷ ಆ ಪುಡಿಕೆ ತಿಂದಳು. ‘ಯವ್ವಾ, ಅವನು ನನ್ನ ಮಾತು ಕೇಳ್ತಿದ್ನಲ್ಲಾ’ ಅಂತ ಈಗಲೂ ಅಂತಾಳೆ.

ಈಗ ಡಾಕ್ಟರುಗಳ ಮಾತನ್ನೂ ಕೇಳಬೇಕು, ಇಲ್ಲಾಂದ್ರೆ ನ್ಯಾಯ ಆಗಲ್ಲ. ಒಂದು ಬೆಳಗ್ಗೆಗೆ ನೂರು ಚೀಟಿ ಇಟ್ಟುಕೊಂಡು ಕೂತ ಸರ್ಕಾರಿ ಡಾಕ್ಟರು ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಕ್ಕಾಗುತ್ತೆ? ಎಂಬಿಬಿಎಸ್ ಓದುವಾಗ ಈ ಕೀಲು ಕಾಯಿಲೆಗಳಿಗೆ ಸಿಗೋ ಪಾಠವೂ ಸ್ವಲ್ಪವೇ. ಜನರಿಗೂ ಕೀಲು ನೋವು ಅಂದ್ರೆ ಮೂಳೆ ಡಾಕ್ಟರು ಅಂತ ಮಾತ್ರ ಗೊತ್ತು. ಇದು ಮೂಳೆ ಮುರಿದ ಕಾಯಿಲೆ ಅಲ್ಲ, ಮೈಯ ರಕ್ಷಣಾ ಪಡೆ ತನ್ನ ಕೀಲಿನ ಮೇಲೆಯೇ ತಿರುಗಿಬೀಳೋ ಕಾಯಿಲೆ. ಇದೆಲ್ಲ ಒಪ್ತೀನಿ. ಸರ್ಕಾರದ ತಪ್ಪು ದೊಡ್ಡದು. ಹಳ್ಳಿಗಳಲ್ಲಿ 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಒಳ್ಳೆಯದು. ಆ ಸಾಲಿನಲ್ಲಿ ಸಂಧಿವಾತ ಇಲ್ಲ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳು ತಿಂಗಳು ರಕ್ತ ಪರೀಕ್ಷೆ, ಗುಳಿಗಿ ಅಂತ ಓಡಾಡೋ ಈ ರೋಗಿಗಳಿಗೆ ಅದು ಮನೆಯ ಗೋಡೆಗೆ ತೂಗುಹಾಕೋ ಫೋಟೋ ಇದ್ದ ಹಾಗೆ.

ಆದರೂ ಒಂದು ಮಾತು. ನೂರು ಚೀಟಿ ಇರೋದಕ್ಕೂ, ಎದುರಿಗೆ ಕೂತವಳ ಮಾತನ್ನ ಅರ್ಧಕ್ಕೇ ತಡೆಯೋದಕ್ಕೂ ಸಂಬಂಧ ಇಲ್ಲ. ನನಗೆ ‘ಸ್ಟ್ರೆಸ್ಸು’ ಅಂದ ಡಾಕ್ಟರ ಕೋಣೆ ಹೊರಗೆ ನೂರು ಚೀಟಿ ಇರಲಿಲ್ಲ. ಸೋಫಾ ಇತ್ತು, ಕಾಫಿ ಯಂತ್ರ ಇತ್ತು.

ಇನ್ನೊಂದು ವಿಷಯ, ಭಾಷೆಯದು. ನಮ್ಮ ಕಡೆ ನೋವಿಗೆ ಒಂದು ಪದ ಅಲ್ಲ. ಬ್ಯಾನಿ ಬೇರೆ, ಸೆಳೆತ ಬೇರೆ. ಕಡಿಯೋದು ಬೇರೆ, ಜೋಮು ಬೇರೆ, ಬಿಗಿ ಹಿಡಿಯೋದು ಬೇರೆ, ಬಾವು ಬೇರೆ. ಜೋಮು ಅಂದ್ರೆ ನರದ ಕಡೆ ನೋಡಬೇಕು. ಬಿಗಿ ಅಂದ್ರೆ ಕೀಲಿನ ಕಡೆ. ಬೇರೆ ಸೀಮೆಯಿಂದ ಬಂದ ಡಾಕ್ಟರಿಗೆ ಅಷ್ಟೂ ‘ಪೇನ್’. ಸಂವಿಧಾನದ 371ಜೆ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ನಮ್ಮ ಮಕ್ಕಳಿಗೆ. ಬಡಿದಾಡಿ ಪಡೆದ ಸೀಟು ಅವು. ಆ ಸೀಟಿನಲ್ಲಿ ಓದಿ ಡಾಕ್ಟರಾದ ಆಳಂದದ, ಅಫಜಲಪುರದ, ಜೇವರ್ಗಿಯ ಹುಡುಗ-ಹುಡುಗಿಯರೇ, ನಿಮಗೆ ನಿಮ್ಮ ಅವ್ವ ಮಾತಾಡೋ ಭಾಷೆ ಗೊತ್ತಿದೆ. ‘ಮುಂಜಾನಿ ಕೈ ಬರಲ್ಲ’ ಅಂದ್ರೆ ಏನು ಅಂತ ನಿಮಗೆ ಯಾರೂ ತರ್ಜುಮೆ ಮಾಡಿ ಹೇಳಬೇಕಾಗಿಲ್ಲ. ನೀವೂ ‘ಏನೂ ಇಲ್ಲ’ ಅಂದ್ರೆ ನಾವು ಯಾರ ಹತ್ತಿರ ಹೋಗೋಣ?

ಈ ಕಾಯಿಲೆಯ ಮುಖ್ಯ ಔಷಧಿ ಕೋಟಿ ರೂಪಾಯಿಯದ್ದೇನಲ್ಲ. ಮೆಥೊಟ್ರೆಕ್ಸೇಟ್ ಅಂತ ಹಳೇ, ಅಗ್ಗದ ಗುಳಿಗೆ. ಅದರ ಜೊತೆ ಫೋಲಿಕ್ ಆಸಿಡ್. ಈ ಎರಡರ ಹಿಂದೆಯೂ ಇರೋದು ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಮ್ಮ ತೆಲುಗು ನೆರೆಯವರು ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದ ಕೆಲಸ. ನಮ್ಮಲ್ಲಿ ಎಷ್ಟು ಜನರಿಗೆ ಅವರ ಹೆಸರು ಗೊತ್ತು, ಇರಲಿ. ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಬರೆದುಕೊಳ್ಳಿ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಚೀಟಿ ಓದಲಾರದೆ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬಸುರಿಯರು, ಬಸುರಿಯಾಗೋ ಯೋಚನೆ ಇರೋರು ತಗೋಬಾರದು. ಆಗಾಗ ರಕ್ತ ಪರೀಕ್ಷೆ ಬೇಕು. ಇಷ್ಟನ್ನ ಕೂರಿಸಿ ಹೇಳದ ಡಾಕ್ಟರು ಆ ಚೀಟಿ ಬರೆಯಲೇಬಾರದು. ‘ನಾನು ಬರೆದಿದ್ದೀನಿ, ನೀವು ತಗೊಳ್ಳಿ’ ಅನ್ನೋ ಕಾಲ ಹೋಯ್ತು.

ಹೋಯ್ತು ಅಂತ ನಾನು ಹೇಳ್ತಾ ಇಲ್ಲ, ನಿಯಮ ಹೇಳುತ್ತೆ. ಔಷಧಿ ಚೀಟಿಯನ್ನ ಓದೋಕೆ ಬರುವ ಹಾಗೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ 2016ರಲ್ಲೇ ವೈದ್ಯಕೀಯ ಪರಿಷತ್ತು ನಿಯಮ ತಿದ್ದಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನೋದು 2002ರ ನಿಯಮ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕಿನ ಪಟ್ಟಿ ಮಾಡಿತು. ಕಾಯಿಲೆ ಏನು ಅಂತ ತಿಳಿಯೋದು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯೋದು, ಎರಡೂ ಅದರಲ್ಲಿವೆ. ಇನ್ನೊಬ್ಬರ ಹತ್ತಿರ ತೋರಿಸ್ತೀನಿ ಅಂದರೆ ಡಾಕ್ಟರು ಸಿಟ್ಟಾಗ್ತಾರೆ ಅಂತ ನಮ್ಮ ಜನ ಹೆದರ್ತಾರೆ. ಹೆದರಬೇಡಿ.

ಮಂಡಿ ಸವೆತ ಇರೋ ಹಿರಿಯರೂ ನೋಡ್ತಾ ಇದ್ದೀರಿ. ನಿಮ್ಮದು ಬೇರೆ ಬಗೆ, ಅದು ನಿಜವಾಗಲೂ ವಯಸ್ಸಿನ ಜೊತೆ ಬರೋದು. ಆದರೆ ವಯಸ್ಸು ಅನ್ನೋದು ಕಾರಣವೇ ಹೊರತು ಚಿಕಿತ್ಸೆ ಅಲ್ಲ. ತೊಡೆಯ ಸ್ನಾಯುವಿಗೆ ಬಲ ಬರೋ ವ್ಯಾಯಾಮ ಹೇಳಿಕೊಡಿ ಅಂತ ಕೇಳಿ. ಇನ್ನು ಇಪ್ಪತ್ತು, ಇಪ್ಪತ್ತೈದರ ಹುಡುಗರು. ರಾತ್ರಿ ಸೊಂಟ ನೋವಿಂದ ಎಚ್ಚರ ಆಗುತ್ತೆ, ಎದ್ದು ಓಡಾಡಿದರೆ ಕಡಿಮೆ ಆಗುತ್ತೆ ಅನ್ನೋರು ಬೈಕ್ ಓಡಿಸಿ ಹೀಗಾಯ್ತು ಅಂತ ಸುಮ್ಮನಾಗಬೇಡಿ. ಅದೂ ಇದೇ ಕುಟುಂಬದ ಇನ್ನೊಂದು ಕಾಯಿಲೆ ಇರಬಹುದು.

ಕಾರ್ಯಕ್ರಮ ಮುಗಿದ ಕೂಡಲೇ ಡಾಕ್ಟರ ಸಂಘದವರು ಫೋನ್ ಮಾಡ್ತಾರೆ ಅಂತ ಗೊತ್ತು. ಮಾಡಲಿ. ಸ್ಟುಡಿಯೋಗೆ ಬರಲಿ, ಕುರ್ಚಿ ಹಾಕ್ತೀನಿ. ಮೊದಲು ಅವರ ಮಾತು ಪೂರ್ತಿ ಕೇಳ್ತೀನಿ.

ನೀವು ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆಯಿಂದ ಒಂದು ವಾರ, ಎದ್ದ ಕೂಡಲೇ ಗಡಿಯಾರ ನೋಡಿ. ಮುಷ್ಟಿ ಹಿಡಿಯೋಕೆ ಎಷ್ಟು ಹೊತ್ತಾಯ್ತು ಬರೆಯಿರಿ. ಯಾವ ಬೆರಳು, ಬಾವು ಇದೆಯಾ, ಎರಡೂ ಕೈಯಾ, ಬರೆಯಿರಿ. ಬರೆಯಲಿಕ್ಕೆ ಬಾರದವರು ಶಾಲೆಗೆ ಹೋಗೋ ಮೊಮ್ಮಗಳ ಕೈಯಲ್ಲಿ ಬರೆಸಿ. ಮನೆಯಲ್ಲಿ ಮತ್ತೆ ಯಾರಿಗೆ ಹೀಗಿತ್ತು ಅನ್ನೋದನ್ನೂ ಸೇರಿಸಿ. ಬಾವು ಇದ್ದ ದಿನ ಮೊಬೈಲಿನಲ್ಲಿ ಕೈಯ ಫೋಟೋ ತೆಗೆದಿಡಿ, ಯಾಕಂದ್ರೆ ಡಾಕ್ಟರ ಹತ್ತಿರ ಹೋದ ದಿನವೇ ಅದು ಇಳಿದಿರುತ್ತೆ. ಆ ಚೀಟಿಯನ್ನ ಅವರ ಮೇಜಿನ ಮೇಲೆ ಇಡಿ. ‘ಏನೂ ಇಲ್ಲ’ ಅಂದರೆ, ಆ ಮಾತನ್ನ ಅದೇ ಚೀಟಿಯ ಕೆಳಗೆ ಬರೆದು ಸಹಿ ಮಾಡಿಕೊಡಿ ಸಾಹೇಬ್ರೇ ಅಂತ ಕೇಳಿ.